ಆನೆಯ ಬಾಲಕ್ಕೆ ಕೆಂಪು ಚೀಟಿ

ಇನ್ನೊಬ್ಬರ ಕೆಲಸದಲ್ಲಿ ತಪ್ಪು ಹುಡುಕಿದ್ದಕ್ಕೆ ತಿಂಗಳ ಕೊನೆಗೆ ಸಂಬಳ ಕೊಡುವ ಕೆಲಸ ಪ್ರಪಂಚದಲ್ಲಿ ಹೆಚ್ಚಿಲ್ಲ. ಮಿಕ್ಕವರೆಲ್ಲ ಅದನ್ನು ಪುಕ್ಕಟೆಯಾಗಿ ಮಾಡುತ್ತಾರೆ. ನನಗೆ ಮಾತ್ರ ಅದಕ್ಕೆಂದೇ ಒಂದು ಮೇಜು, ಒಂದು ಭೂತಗನ್ನಡಿ, ತಲೆಯ ಮೇಲೊಂದು ಟ್ಯೂಬ್‌ಲೈಟು ಮತ್ತು ಒಂದು ಕಟ್ಟು ಕೆಂಪು ಚೀಟಿ ಕೊಟ್ಟು ಗಡಿಯಾಚೆಯ ಹೊಸೂರಿನ ಫ್ಯಾಕ್ಟರಿಯೊಂದರಲ್ಲಿ ಕೂರಿಸಿದ್ದರು. ಯಂತ್ರದಿಂದ ಬಂದ ಉಕ್ಕಿನ ಗೇರುಗಳನ್ನು ಒಂದೊಂದಾಗಿ ಎತ್ತಿ, ತಿರುಗಿಸಿ ನೋಡಿ, ಗೀರು ಕಂಡರೆ ಕೆಂಪು ಚೀಟಿ ಕಟ್ಟುವುದು ನನ್ನ ಕೆಲಸ. ಚೆನ್ನಾಗಿದ್ದ ಗೇರಿಗೆ ಯಾವ ಬಣ್ಣದ ಚೀಟಿಯೂ ಇರಲಿಲ್ಲ. ಅದು ಸುಮ್ಮನೆ ಡಬ್ಬಕ್ಕೆ ಹೋಗುತ್ತಿತ್ತು. ಹೀಗಾಗಿ ಚೆನ್ನಾಗಿದ್ದದ್ದರ ಬಗ್ಗೆ ಮಾತಾಡುವ ಅಭ್ಯಾಸವೇ ನನಗೆ ತಪ್ಪಿಹೋಯಿತು ಅಂತ ನನ್ನ ಹೆಂಡತಿ ವಿಮಲಾ ಹೇಳುತ್ತಾಳೆ. ಅವಳ ಮಾತಿಗೆ ಆಧಾರ ಇಲ್ಲದೆ ಇಲ್ಲ. ತುಮಕೂರು ಕಡೆಯಿಂದ ಬಂದು ಹೊಸೂರಿನಂಚಿನ ಜೂಜುವಾಡಿಯಲ್ಲಿ ಬಾಡಿಗೆ ಮನೆ ಹಿಡಿದ ಹೊಸದರಲ್ಲಿ ಒಂದು ದಿನ ಅವಳು "ಸಾರು ಹೇಗಿದೆ?" ಅಂತ ಕೇಳಿದಳು. ನಾನು, "ಉಪ್ಪು ಸರಿಯಾಗಿದೆ, ಹುಳಿ ಸ್ವಲ್ಪ ಮುಂದೆ ಹೋಗಿದೆ, ಒಗ್ಗರಣೆಯಲ್ಲಿ ಸಾಸಿವೆ ಪೂರ್ತಿ ಸಿಡಿದಿಲ್ಲ" ಅಂದೆ. ಅವಳು ಸೌಟು ಹಿಡಿದುಕೊಂಡೇ ನನ್ನನ್ನು ಬಹಳ ಹೊತ್ತು ನೋಡಿ, "ಹೇಗಿದೆ ಅಂತ ಕೇಳಿದ್ದು ರೀ, ಏನೇನಾಗಿದೆ ಅಂತ ಅಲ್ಲ" ಅಂದಳು.

ಇಂಥ ಮನುಷ್ಯನಿಗೆ ಹಳೇ ನಾಣ್ಯದ ಹುಚ್ಚು ಹಿಡಿಸಿದವನು ಮುನಿರಾಜು. ಅವನು ನಮ್ಮ ಫ್ಯಾಕ್ಟರಿಯಲ್ಲೇ ಯಂತ್ರ ಓಡಿಸುತ್ತಿದ್ದ. ಹತ್ತಿರದ ಬೇರಿಕೆ ಊರಿನವನು, ಅಲ್ಲಿ ರಾಗಿ, ಟೊಮೆಟೊ ಬೆಳೆಯುವಷ್ಟು ಜಮೀನಿತ್ತು. ಮನೆಯಲ್ಲಿ ಕನ್ನಡ, ಮಾವನ ಮನೆಯಲ್ಲಿ ತೆಲುಗು, ಸೂಪರ್‌ವೈಸರ್ ಹತ್ತಿರ ತಮಿಳು, ರಜೆ ಚೀಟಿಯಲ್ಲಿ ಇಂಗ್ಲಿಷು. ಒಂದು ದಿನ ಊಟದ ಹೊತ್ತಿನಲ್ಲಿ ಅವನು ಅಂಗಿ ಜೇಬಿನಿಂದ ಅವರಪ್ಪನಿಗೆ ಹೊಲ ಉಳುವಾಗ ಸಿಕ್ಕಿದ್ದ ತಾಮ್ರದ ಕಾಸೊಂದನ್ನು ತೆಗೆದು ನನ್ನ ಮೇಜಿನ ಮೇಲಿಟ್ಟ. ಮೈಸೂರಿನ ಹಳೇ ಕಾಸು. ಒಂದು ಕಡೆ ಆನೆ ನಿಂತಿತ್ತು. ಭೂತಗನ್ನಡಿಯಲ್ಲಿ ನೋಡಿದೆ. ಆವತ್ತಿನಿಂದ ನಾನು ಹಾಳಾದೆ. ಗೇರಿನ ಮೇಲೆ ಆನೆ ಇರುವುದಿಲ್ಲವಲ್ಲ. ಶಿಫ್ಟ್ ಮುಗಿದ ಮೇಲೆ ಮುನಿರಾಜು ನನ್ನನ್ನು ತನ್ನ ಬೈಕಿನಲ್ಲಿ ಜೂಜುವಾಡಿಗೆ ಬಿಟ್ಟು ಆಮೇಲೆ ಬೇರಿಕೆಗೆ ಹೋಗುತ್ತಿದ್ದ. ಅವನಿಗದು ಸುತ್ತು ದಾರಿ. ಲಾರಿಗಳ ಸದ್ದಿನ ಮಧ್ಯೆ ಅವನು ಮುಂದೆ ನೋಡಿಕೊಂಡು, ನಾನು ಅವನ ಕಿವಿಗೆ ಬಾಯಿಟ್ಟುಕೊಂಡು, ದಾರಿಯುದ್ದಕ್ಕೂ ನಾಣ್ಯದ ಮಾತೇ.

ಈ ಲೋಕಕ್ಕೊಂದು ಭಾಷೆಯಿದೆ. ಅದನ್ನು ಕಲಿಯದೆ ಒಳಗೆ ಹೋದವರು ಕೈಸುಟ್ಟುಕೊಳ್ಳುತ್ತಾರೆ. ಇಲ್ಲಿ 'ಗುಡ್' ಅಂದರೆ ಅದರ ಮೇಲಿರುವುದು ರಾಜನೋ ರಾಣಿಯೋ ಗೊತ್ತಾಗುವುದಿಲ್ಲ ಅಂತ ಅರ್ಥ. 'ಫೈನ್' ಅಂದರೆ ರಾಜ ಅಂತ ಗೊತ್ತಾಗುತ್ತದೆ, ಮೂಗು ಮಾತ್ರ ಇಲ್ಲ. 'ವೆರಿ ಫೈನ್' ಅಂದರೆ ಮೂಗೂ ಇದೆ, ಕಿರೀಟದ ಮಣಿಗಳು ಅರೆಬರೆ. ಅದರಾಚೆ 'ಎಕ್ಸ್‌ಟ್ರಾ ಫೈನ್' ಮುಂತಾದವು ನಮ್ಮಂಥವರ ಕೈಗೆ ಸಿಗುವಂಥವಲ್ಲ, ಮಾತಿನಲ್ಲಿ ಮಾತ್ರ ಬರುತ್ತವೆ. ನಾನು ಕೈಸುಟ್ಟುಕೊಂಡದ್ದು ಅಂಚೆಯಲ್ಲಿ. ಫೋಟೊ ತೆಗೆಯುವ ಮೊಬೈಲು ಆಗ ನಮ್ಮ ಫ್ಯಾಕ್ಟರಿಯಲ್ಲೇ ಮ್ಯಾನೇಜರೊಬ್ಬರ ಹತ್ತಿರ ಮಾತ್ರ ಇತ್ತು. ದೂರದೂರಿನವನು 'ವೆರಿ ಫೈನ್' ಅಂತ ಬರೆದರೆ ನಂಬಬೇಕಿತ್ತು. ನಂಬಿ ತರಿಸಿಕೊಂಡ ಬೆಳ್ಳಿ ನಾಣ್ಯದಲ್ಲಿ ರಾಜನ ತಲೆಯ ಮೇಲೊಂದು ತೂತಿತ್ತು. ಯಾರೋ ಹಿಂದೆ ಸರಕ್ಕೆ ಪೋಣಿಸಿಕೊಂಡಿದ್ದರು. ಆ ತೂತನ್ನು ಸೀಸ ಹಾಕಿ ಮುಚ್ಚಿದ್ದರು. ನಾನು ಫೋನ್ ಮಾಡಿ ಕೇಳಿದರೆ ಆ ಮಹಾನುಭಾವ, "ತೂತು ಇದ್ದಿದ್ದು ನಿಜ ಸಾರ್. ಈಗ ಇಲ್ಲವಲ್ಲ" ಅಂದ. ಮುಂದೆ ನಾನೇನಾದರೂ ನಾಣ್ಯ ಕೊಡುವ ಕಾಲ ಬಂದರೆ ಅದರ ಒಂದು ಗೀರನ್ನೂ ಮುಚ್ಚಿಡುವುದಿಲ್ಲ ಅಂತ ಅವತ್ತು ತೀರ್ಮಾನ ಮಾಡಿಕೊಂಡೆ.

ಆ ಕಾಲ ಬೇಗ ಬಂತು. ಬೀರುವಿನಲ್ಲಿ ವಿಮಲಾಳ ರವಿಕೆಗಳಿಗೆಂದು ಇದ್ದ ಖಾನೆಯನ್ನು ನಾಣ್ಯಗಳು ಪೂರ್ತಿ ಆಕ್ರಮಿಸಿದ್ದವು. "ಒಂದೇ ಥರದ್ದು ಎರಡೆರಡು ಇರೋದನ್ನಾದರೂ ಯಾರಿಗಾದರೂ ಕೊಡಿ. ಇಲ್ಲದಿದ್ದರೆ ನಾನೇ ಹಾಲಿನವನಿಗೆ ಚಿಲ್ಲರೆಗೆ ಕೊಡ್ತೀನಿ" ಅಂದಳು. ಅವಳು ಅಷ್ಟು ಮಾಡುವವಳೇ. ಹೊಸೂರು ಬಸ್ ನಿಲ್ದಾಣದ ಹಿಂದೆ ಒಂದು ಹೋಟೆಲಿನ ಮಹಡಿಯಲ್ಲಿ ತಿಂಗಳಿಗೊಂದು ಭಾನುವಾರ ನಾಣ್ಯದ ಹುಚ್ಚರೆಲ್ಲ ಸೇರುತ್ತಿದ್ದೆವು. ಕೆಳಗಿನಿಂದ ವಡೆ ಕರಿಯುವ ವಾಸನೆ, ಮೇಲೆ ನಾವು, ನಮ್ಮ ಮುಂದೆ ಟ್ರೇಗಳು. ಹೆಚ್ಚಾಗಿ ಅದಕ್ಕಿದು ಇದಕ್ಕದು ಅಂತ ಬದಲಾಯಿಸಿಕೊಳ್ಳುವುದೇ. ಮುನಿರಾಜು ಆ ಭಾನುವಾರ ಹೊಸ ಅಂಗಿ ಹಾಕಿಕೊಂಡು ಬಂದಿದ್ದ. ಕೃಷ್ಣಗಿರಿಯ ಚಿನ್ನಸಾಮಿ ವಾತ್ಯಾರು ತಮ್ಮ ಬೆಳ್ಳಿಯ ಎಂಟಾಣೆಯೊಂದನ್ನು ಕೊಟ್ಟು ಅವನ ಆನೆ ಕಾಸು ತೆಗೆದುಕೊಳ್ಳಲು ಕೊನೆಗೂ ಒಪ್ಪಿದ್ದರು. ಆ ಎಂಟಾಣೆಯ ಮೇಲೆ ಅವನಿಗೆ ವರ್ಷಗಳಿಂದ ಕಣ್ಣಿತ್ತು. ವಾತ್ಯಾರು ಅಂದರೆ ತಮಿಳಿನಲ್ಲಿ ಮೇಷ್ಟ್ರು. ಶಾಲೆಯಿಂದ ನಿವೃತ್ತರಾದ ಮೇಲೆ ಅವರು ನಮಗೆಲ್ಲ ಮೇಷ್ಟ್ರಾಗಿದ್ದರು. ಅವರು ಯಾವುದನ್ನು 'ವೆರಿ ಫೈನ್' ಅನ್ನುತ್ತಿದ್ದರೋ ಅದು ವೆರಿ ಫೈನ್.

ನಾನು ನನ್ನ ಜೋಡಿ ನಾಣ್ಯಗಳನ್ನು ಹರಡಿ, ಒಂದೊಂದಕ್ಕೂ ಚೀಟಿ ಇಟ್ಟಿದ್ದೆ. ಫ್ಯಾಕ್ಟರಿಯ ಹಳೇ ಚೀಟಿಗಳನ್ನೇ ತಂದಿದ್ದರಿಂದ ಅವು ಕೆಂಪಗಿದ್ದವು. ಅವುಗಳಲ್ಲಿ ಮುನಿರಾಜುವಿನದರಂಥದ್ದೇ ಒಂದು ಆನೆ ಕಾಸೂ ಇತ್ತು. ಅದರ ಚೀಟಿಯಲ್ಲಿ, 'ಫೈನ್. ಬಾಲ ಮುಕ್ಕಾಲು ಸವೆದಿದೆ. ಕಣ್ಣು ಇಲ್ಲ. ಅಂಚಿಗೆ ಪೆಟ್ಟು ಬಿದ್ದಿದೆ. ಹಿಂದೆ ಯಾರೋ ಹುಣಸೆಹಣ್ಣು ಹಾಕಿ ಉಜ್ಜಿದ್ದಾರೆ' ಅಂತ ಬರೆದಿದ್ದೆ. ಬಂದವರು ಓದಿದರು, ನನ್ನ ಮುಖ ನೋಡಿದರು, ಮುಂದೆ ಹೋದರು. ಒಬ್ಬಾತ ಮಾತ್ರ ನಿಂತು, "ಇಷ್ಟು ಹೇಳಿದೀರಲ್ಲ, ಹೇಳದೇ ಇರೋದು ಏನಿದೆ?" ಅಂತ ಕೇಳಿದ. ಇನ್ನೇನೂ ಇಲ್ಲ ಅಂದರೆ ನಂಬಲಿಲ್ಲ. ಇಷ್ಟೆಲ್ಲ ಒಪ್ಪಿಕೊಳ್ಳುವವನು ಇನ್ನೂ ದೊಡ್ಡದೇನನ್ನೋ ಮುಚ್ಚಿಡುತ್ತಿದ್ದಾನೆ ಅನ್ನುವಂತೆ ತಲೆ ಆಡಿಸಿಕೊಂಡು ಹೋದ.

ಅಷ್ಟರಲ್ಲಿ ವಾತ್ಯಾರು ಬಂದರು. ಒಂದು ಕೈಯಲ್ಲಿ ಬೆಳ್ಳಿ ಎಂಟಾಣೆ ಇತ್ತು. ಹಿಂದೆಯೇ ಮುನಿರಾಜು ಇದ್ದ. ವಾತ್ಯಾರು ನನ್ನ ಆನೆಯನ್ನು ನೋಡಿದರು, ಚೀಟಿ ಓದಿದರು, ಕನ್ನಡಕ ಒರೆಸಿಕೊಂಡು ಮತ್ತೊಮ್ಮೆ ಓದಿದರು.

"ಏನ್ ಸಾರ್ ಇದು, ಬರೀ ಫೈನಾ?"

"ಹೌದು ಸಾರ್."

"ಇಲ್ಲ ಸಾರ್. ಇದು ವೆರಿ ಫೈನ್ ದಾನ್, ಅನುಮಾನವೇ ಬೇಡ. ಸರಿಯಾಗಿ ನೋಡಿ."

"ಬಾಲ ಇಲ್ಲ ಸಾರ್."

"ಬಾಲ ಮಡಚಿಕೊಂಡಿದೆ."

"ಕಣ್ಣೂ ಇಲ್ಲ."

"ಕಣ್ಣು ಮುಚ್ಚಿಕೊಂಡಿದೆ ಸಾರ್. ಆನೆ ಅಂದರೆ ಇಪ್ಪತ್ತನಾಲ್ಕು ಗಂಟೆ ಕಣ್ಣು ಬಿಟ್ಟುಕೊಂಡೇ ಇರಬೇಕಾ?"

ನಾಣ್ಯದ ಪ್ರಪಂಚದಲ್ಲಿ ದಿನಬೆಳಗಾದರೆ ಜಗಳ ಇದ್ದದ್ದೇ. ಕೊಡುವವನು ಚೆನ್ನಾಗಿದೆ ಅನ್ನುತ್ತಾನೆ, ತೆಗೆದುಕೊಳ್ಳುವವನು ಸವೆದಿದೆ ಅನ್ನುತ್ತಾನೆ. ನಮ್ಮದು ತಲೆಕೆಳಗಾಗಿತ್ತು. ನನ್ನ ನಾಣ್ಯ ನಾನು ಹೇಳುವುದಕ್ಕಿಂತ ಚೆನ್ನಾಗಿದೆ ಅಂತ ಅವರು, ಇಲ್ಲವೇ ಇಲ್ಲ ಅಂತ ನಾನು. ಸುತ್ತ ಜನ ಸೇರಿದರು. ಅವರು ಯಾಕೆ ಅಷ್ಟು ಹಟ ಹಿಡಿದಿದ್ದಾರೆ ಅಂತ ನನಗೆ ಮೊದಲು ಹೊಳೆಯಲಿಲ್ಲ. ಆಮೇಲೆ ಅವರ ಟ್ರೇ ಕಡೆ ನೋಡಿದೆ. ಅಲ್ಲೊಂದು ಆನೆಗಳ ಹಿಂಡೇ ಇತ್ತು. ಎಲ್ಲದರ ಮುಂದೆಯೂ 'ವೆರಿ ಫೈನ್' ಅಂತ ಮುತ್ತಿನಂಥ ಅಕ್ಷರ. ಅದರಲ್ಲಿ ಒಂದಕ್ಕಂತೂ ಸೊಂಡಿಲೂ ಇರಲಿಲ್ಲ. ಬಾಲ ಸವೆದ ನನ್ನ ಆನೆ ಬರೀ ಫೈನ್ ಅಂತಾದರೆ ಆ ಹಿಂಡಿನ ಗತಿ ಏನು? ತಿಳಿದ ಮೇಲಾದರೂ ನಾನು ಸುಮ್ಮನಾಗಬಹುದಿತ್ತು. ಆದರೆ ಕೈಯಲ್ಲಿ ಭೂತಗನ್ನಡಿ ಇತ್ತು. ಅದು ಕೈಯಲ್ಲಿದ್ದಾಗ ನನಗೆ ಶಿಫ್ಟಿನಲ್ಲಿರುವಂತೆಯೇ ಅನ್ನಿಸುತ್ತದೆ. "ಬನ್ನಿ ಸಾರ್, ನೀವೇ ನೋಡಿ" ಅಂತ ಅದನ್ನು ಅವರ ಕೈಗೆ ಕೊಟ್ಟುಬಿಟ್ಟೆ.

ವಾತ್ಯಾರು ಮೊದಲು ನನ್ನ ಆನೆಯನ್ನು ನೋಡಿದರು. ಆಮೇಲೆ ತಮ್ಮವನ್ನು ನೋಡಿದರು. ಕೊನೆಗೆ ಮುನಿರಾಜುವಿನದನ್ನು ಇಸಿದುಕೊಂಡು ನೋಡಿದರು. ಅದರ ಬಾಲವೂ ಅಷ್ಟಕ್ಕಷ್ಟೇ. ಬೆಳ್ಳಿ ಎಂಟಾಣೆಯನ್ನು ಕರವಸ್ತ್ರದಲ್ಲಿ ಸುತ್ತಿ ಜುಬ್ಬದ ಜೇಬಿಗೆ ಹಾಕಿಕೊಂಡು, "ಮುನಿರಾಜ್, ಮೊದಲು ಇದು ತೀರ್ಮಾನ ಆಗಲಿ" ಅಂದರು. ಅದನ್ನು ಕೇಳಿದ ಮಿಕ್ಕವರೂ ತಂತಮ್ಮ ಭೂತಗನ್ನಡಿ ತೆಗೆದರು. ಅಲ್ಲಿಯವರೆಗೆ ಯಾರಿಗೂ ಕಾಣದಿದ್ದ ಗೀರು, ಪೆಟ್ಟು, ತೇಪೆಗಳೆಲ್ಲ ಒಂದೇ ಗಳಿಗೆಯಲ್ಲಿ ಎಲ್ಲರಿಗೂ ಕಂಡವು. ಆ ಭಾನುವಾರ ಮಹಡಿಯ ಮೇಲೆ ಒಂದು ನಾಣ್ಯವೂ ಕೈ ಬದಲಾಯಿಸಲಿಲ್ಲ. ಹೋಟೆಲಿನವನ ವಡೆ ಮಾತ್ರ ಚೆನ್ನಾಗಿ ಖರ್ಚಾಯಿತು.

ಮೆಟ್ಟಿಲಿಳಿಯುವಾಗ ಮುನಿರಾಜು ನನ್ನ ಪಕ್ಕ ಬಂದ. "ಸಾ, ನಾನ್ ನಿಮ್ಗೆ ಏನ್ ಮಾಡಿದ್ದೆ?" ಅಂದ. ಕೋಪದಿಂದ ಅಂದಿದ್ದರೆ ನಾನೂ ಏನಾದರೂ ಅನ್ನಬಹುದಿತ್ತು. ಅವನು ಬಹಳ ಮೆತ್ತಗೆ ಅಂದ. "ನಿಂದು ಬೇರೆ, ನಂದು ಬೇರೆ ಕಣಯ್ಯ. ನಾನು ನನ್ನ ಆನೆ ಬಗ್ಗೆ ತಾನೇ ಬರೆದಿದ್ದು" ಅಂದೆ. "ನಿಮ್ ಆನೆ ನನ್ ಆನೆ ತುಳಿದ್ಬುಡ್ತು ಸಾ" ಅಂದು ಬೈಕು ಹತ್ತಿ ಹೋಗಿಬಿಟ್ಟ. ನಾನು ಬಸ್ಸಿಗೆ ನಿಂತೆ. ಮಾರನೆಯ ದಿನವೂ, ಅದರ ಮಾರನೆಯ ದಿನವೂ ಬಸ್ಸಿಗೇ ನಿಂತೆ. ಫ್ಯಾಕ್ಟರಿಯಲ್ಲಿ ಅವನು ತನ್ನ ಗೇರುಗಳನ್ನು ಬೇರೆಯವರ ಕೈಯಲ್ಲಿ ನನ್ನ ಮೇಜಿಗೆ ಕಳಿಸುತ್ತಿದ್ದ. ಸತ್ಯ ಹೇಳಿದವನು ಹಾಯಾಗಿ ನಿದ್ದೆ ಮಾಡುತ್ತಾನೆ ಅಂತ ಕೇಳಿದ್ದೆ. ಹಾಗೇನೂ ಆಗಲಿಲ್ಲ. ಊಟದ ಹೊತ್ತಿನಲ್ಲಿ ಅವನ ಡಬ್ಬಿಯ ಅವರೆಕಾಳು ಹುಳಿ ನನ್ನ ಕಡೆ ಬರುವುದು ನಿಂತಿತ್ತು. ಅದಕ್ಕಿಂತಲೂ, ಅವನು ನನ್ನನ್ನು ಕಂಡರೆ ಬೇಕೆಂದೇ ಬೇರೆಯವರ ಜತೆ ಜೋರಾಗಿ ನಗುತ್ತಿದ್ದದ್ದು ಹೆಚ್ಚು ನೋಯಿಸುತ್ತಿತ್ತು.

ಹೀಗಿರುವಾಗ ಒಂದು ಸಂಜೆ ವಾತ್ಯಾರು ಕೃಷ್ಣಗಿರಿಯಿಂದ ಬಸ್ಸು ಹಿಡಿದು ನಮ್ಮ ಮನೆಗೇ ಬಂದರು. ಕೈಯಲ್ಲೊಂದು ದೊಡ್ಡ ಚೀಲ ಮಾವಿನಹಣ್ಣು. ಬಾಗಿಲ ಹೊರಗೆ, ಮನೆ ತೋರಿಸಲು ಮಾತ್ರ ಬಂದವನ ಹಾಗೆ, ಮುನಿರಾಜು ರಸ್ತೆಯ ಲಾರಿಗಳನ್ನು ನೋಡಿಕೊಂಡು ನಿಂತಿದ್ದ. "ಒಳಗೆ ಬನ್ನಿ ಮುನಿರಾಜಣ್ಣ. ಜಗಳ ನಿಮ್ಮಿಬ್ಬರದ್ದು, ಕಾಫಿ ನಂದು" ಅಂತ ವಿಮಲಾ ಕರೆದಳು. ಬಂದು ಕುರ್ಚಿಯ ತುದಿಯಲ್ಲಿ ಕೂತ. ವಾತ್ಯಾರು ತಮ್ಮ ತೋಟದ ಹಣ್ಣಿನ ವಿಷಯ ಹೇಳಿದರು, ಮಳೆಯ ವಿಷಯ ಹೇಳಿದರು, ಆಮೇಲೆ, "ಸಾರ್, ನಾನು ಎಷ್ಟೋ ಮಕ್ಕಳ ಪೇಪರ್ ತಿದ್ದಿದವನು. ಬಾರ್ಡರಿನಲ್ಲಿ ಇರುವ ಹುಡುಗನಿಗೆ ನಾಲ್ಕು ಮಾರ್ಕು ಸೇರಿಸಿ ಪಾಸು ಮಾಡೋದು ಸುಳ್ಳಾ? ಆ ಆನೆಗೆ ಒಂದು ಮೆಟ್ಟಿಲು ಮೇಲೆ ಹಾಕಿ. ಯಾರಿಗೂ ನಷ್ಟ ಇಲ್ಲ" ಅಂದರು.

"ಬಾಲ ಇಲ್ಲದೆ ಹೇಗೆ ಸಾರ್ ಪಾಸು ಮಾಡಲಿ?" ಅಂದೆ.

ಮುನಿರಾಜು ಲೋಟದೊಳಕ್ಕೇ ನೋಡಿಕೊಂಡು, "ನಾನ್ ಹೇಳ್ಲಿಲ್ವಾ ವಾತ್ಯಾರೇ" ಅಂದ.

ವಿಮಲಾ ಅಡುಗೆಮನೆ ಬಾಗಿಲಲ್ಲಿ ನಿಂತು ಎಲ್ಲ ಕೇಳುತ್ತಿದ್ದಳು. ಒಳಗೆ ಹೋಗಿ ಬೀರು ತೆರೆದು, ಆ ಕಾಸನ್ನು ತಂದು ವಾತ್ಯಾರ ಮುಂದಿಟ್ಟು, "ಇದನ್ನು ನೀವೇ ತಗೊಂಡು ಹೋಗಿ ಸಾರ್. ಹಣ್ಣು ತಂದಿದೀರಲ್ಲ, ಅದಕ್ಕಿದು ಸರಿಹೋಯ್ತು. ಇವರ ಹತ್ತಿರ ಇದ್ದರೆ ತಾನೇ ಇವರು ಚೀಟಿ ಬರೆಯೋದು?" ಅಂದಳು. ವಾತ್ಯಾರ ಮುಖ ಅರಳಿತು. ಕಾಸನ್ನು ಜೇಬಿಗೆ ಹಾಕಿಕೊಂಡರು. ಚೀಟಿಯನ್ನೂ ಕೇಳಿ ಇಸಿದುಕೊಂಡು, ಚೂರು ಚೂರು ಮಾಡಿ ಖಾಲಿ ಲೋಟಕ್ಕೆ ಹಾಕಿದರು. ಮುಂದಿನ ತಿಂಗಳು ನನ್ನ ಆನೆ ಅವರ ಟ್ರೇಯಲ್ಲಿ 'ವೆರಿ ಫೈನ್' ಆಗಿ ನಿಂತಿತ್ತು. ಮುನಿರಾಜುವಿನ ಅಂಗೈಯಲ್ಲಿ ಬೆಳ್ಳಿ ಎಂಟಾಣೆ ಇತ್ತು. ಎಲ್ಲರಿಗೂ ಒಳ್ಳೆಯದಾಯಿತು. ಹಣ್ಣು ಹೇಗಿತ್ತು ಅಂತ ಯಾರೂ ನನ್ನನ್ನು ಕೇಳಲಿಲ್ಲ.

ಎಂಟಾಣೆ ಸಿಕ್ಕಿದ ಮೇಲೆ ಮುನಿರಾಜುವಿನ ಮನಸ್ಸು ತಿಳಿಯಾಯಿತು. ತಿಳಿಯಾದ ಮನಸ್ಸಿನಲ್ಲಿ ಅವನಿಗೊಂದು ವಿಚಾರ ಹೊಳೆಯಿತು. ಕೊಡುವಾಗ ನನ್ನಂಥವನು ಅಪಾಯ ನಿಜ, ಆದರೆ ಕೊಳ್ಳುವಾಗ? ಅಲ್ಲಿಂದ ಯಾರ ಹತ್ತಿರ ಏನು ನೋಡಲು ಹೋದರೂ ನನ್ನನ್ನು ಹಿಂದೆ ಕೂರಿಸಿಕೊಂಡು ಹೋಗತೊಡಗಿದ. ಮೊದಲು ನಾಣ್ಯಗಳಿಗೆ ಮಾತ್ರ ಕರೆಯುತ್ತಿದ್ದ. ಆಮೇಲೆ ಹಳೇ ಪಂಪ್‌ಸೆಟ್ಟಿಗೂ ಕರೆದ. ಒಂದು ಸಲ ಬೇರಿಕೆ ಸಂತೆಗೆ, ಹಸು ನೋಡಲು. "ಹಸು ಬಗ್ಗೆ ನನಗೇನು ಗೊತ್ತಪ್ಪ?" ಅಂದರೆ, "ಗೊತ್ತಿರೋದ್ ಬೇಡ ಸಾ. ನೀವ್ ನೋಡೋ ತರ ನೋಡಿ, ಸಾಕು" ಅಂದ. ನಾನು ಹಸುವಿನ ಸುತ್ತ ಒಂದು ಸುತ್ತು ಬಂದು ಅದರ ಕೊಂಬಿನ ಹತ್ತಿರ ಬಗ್ಗಿ ನೋಡಿ 'ಹೂಂ' ಅಂದದ್ದಷ್ಟೇ. ಹಸುವಿನ ಯಜಮಾನ ತಾನಾಗಿಯೇ ಅದು ಒಮ್ಮೊಮ್ಮೆ ಒದೆಯುತ್ತದೆ ಅಂತ ಒಪ್ಪಿಕೊಂಡುಬಿಟ್ಟ. ನನಗೆ ಒಳಗೊಳಗೇ ಹೆಮ್ಮೆಯಾಯಿತು. ಲೋಕಕ್ಕೆ ಕೊನೆಗೂ ನನ್ನ ಬೆಲೆ ತಿಳಿಯಿತು ಅಂದುಕೊಂಡೆ.

ಆ ಹೆಮ್ಮೆಯಲ್ಲೇ ಒಂದು ರಜೆಯ ದಿನ ನಾಟ್ರಾಂಪಾಳ್ಯಕ್ಕೆ ಹೊರಟೆವು. ಅಲ್ಲಿ ಮುನಿರಾಜುವಿನ ಸೋದರತ್ತೆ ಸಾಕಮ್ಮ ಇದ್ದಳು. ಅವಳ ಹತ್ತಿರ ಅವಳಜ್ಜಿಯ ಕಾಲದ ಒಂದು ಬೆಳ್ಳಿ ರೂಪಾಯಿ ಇದೆ, ಅವಳು ಕೊಡುವ ಮನಸ್ಸು ಮಾಡಿದ್ದಾಳೆ, ಬದಲಿಗೆ ಒಂದು ಜೊತೆ ಹೊಸ ಕಾಲುಂಗುರ ಕೇಳುತ್ತಿದ್ದಾಳೆ ಅಂತ ಸುದ್ದಿ. ಕಾಲುಂಗುರಗಳು ಮುನಿರಾಜುವಿನ ಜೇಬಿನಲ್ಲಿದ್ದವು. ಅಂಚೆಟ್ಟಿ ದಾಟಿದ ಮೇಲೆ ಕಾಡಿನ ರಸ್ತೆ. "ಇಲ್ಲಿ ಆನೆ ಅಡ್ಡ ಬತ್ತವೆ. ಬಂದ್ರೆ ಬಾಲ ಐತಾ ಇಲ್ವಾ ಅಂತ ನೋಡ್ಕಂಡ್ ನಿಲ್ಬೇಡಿ" ಅಂತ ಎಚ್ಚರಿಸಿದ. ಊರು ಹತ್ತಿರ ಬಂದಾಗ ಬೈಕು ನಿಧಾನ ಮಾಡಿ, "ಅತ್ತೆ ಬಲೇ ಗಟ್ಟಿ ಸಾ. ಚೆಂದಾಗೈತೆ ಅಂದ್ರೆ ಇನ್ನೊಂದ್ ಜೊತೆ ಉಂಗ್ರ ಕೇಳ್ತಾಳೆ. ನೀವು ಮಾಮೂಲಿ ತರ ಮಾತಾಡಿ" ಅಂದ.

ಸಾಕಮ್ಮ ಜಗಲಿಯಲ್ಲಿ ಕೂತು ಹುರುಳಿ ಕೇರುತ್ತಿದ್ದಳು. ನಮ್ಮನ್ನು ಕಂಡು ಮೊರ ಪಕ್ಕಕ್ಕಿಟ್ಟು, ಒಳಗಿನಿಂದ ಒಂದು ಬಟ್ಟೆ ಗಂಟು ತಂದಳು. ಬಟ್ಟೆಯೊಳಗೆ ಬಟ್ಟೆ, ಅದರೊಳಗೆ ಹತ್ತಿ, ಹತ್ತಿಯೊಳಗೆ ರೂಪಾಯಿ. "ನಮ್ಮಜ್ಜಿ ಮದ್ವೇಲಿ ಕೊಟ್ಟಿದ್ದು. ಅವಳೂ ಮುಟ್ನಿಲ್ಲ, ನಮ್ಮವ್ವಾನೂ ಮುಟ್ನಿಲ್ಲ. ನಾನೂ ಮುಟ್ನಿಲ್ಲ" ಅಂದಳು. ನಾನು ಅಂಚು ಹಿಡಿದು ಬಿಸಿಲಿಗೆ ಎತ್ತಿ, ಭೂತಗನ್ನಡಿ ಹಿಡಿದೆ. ರಾಜನ ಕಿರೀಟದ ಮಣಿಗಳನ್ನು ನೋಡಿದೆ. ಗಡ್ಡದ ಕೂದಲುಗಳನ್ನು ನೋಡಿದೆ. ಅಂಚು ಸುತ್ತಲೂ ತಿರುಗಿಸಿದೆ. ಮಗುಚಿ ಹೂಬಳ್ಳಿಯ ಎಲೆಎಲೆಯನ್ನೂ ನೋಡಿದೆ. ಮುನಿರಾಜು ಹಿಂದಿನಿಂದ ಕೆಮ್ಮಿದ. ನಾನು ಮತ್ತೆ ಮೊದಲಿನಿಂದ ನೋಡಿದೆ. ಏನೂ ಇಲ್ಲ. ಒಂದು ಗೀರಿಲ್ಲ, ಒಂದು ಪೆಟ್ಟಿಲ್ಲ. ಟಂಕಸಾಲೆಯಿಂದ ಆವತ್ತು ಬೆಳಿಗ್ಗೆ ಬಿದ್ದ ಹಾಗೆ, ಬಿಸಿಲು ಅದರ ಮೇಲೆ ಸುತ್ತು ಹೊಡೆಯುತ್ತಿತ್ತು. ಅಷ್ಟು ವರ್ಷ ತಪ್ಪು ಹುಡುಕಿ ಹುಡುಕಿ ದಣಿದಿದ್ದ ನನ್ನ ಕಣ್ಣಿಗೆ ಅವತ್ತು ಏನೋ ಆಯಿತು. ಅದನ್ನು ಸಂತೋಷ ಅಂತಲೇ ಕರೆಯಬೇಕು, ನನಗೆ ಅಭ್ಯಾಸವಿಲ್ಲ.

"ಅಜ್ಜೀ, ಇಂಥದ್ದು ನಾನು ನೋಡೇ ಇಲ್ಲ" ಅಂತ ಶುರು ಮಾಡಿದೆ. ಶುರು ಮಾಡಿದ ಮೇಲೆ ನಿಲ್ಲಿಸುವುದು ಹೇಗೆ ಅಂತ ಗೊತ್ತಾಗಲಿಲ್ಲ. ಮಣಿಗಳನ್ನು ತೋರಿಸಿದೆ, ಗಡ್ಡ ತೋರಿಸಿದೆ, ಅವಳ ಕೈಗೇ ಭೂತಗನ್ನಡಿ ಕೊಟ್ಟು ಹೂಬಳ್ಳಿ ತೋರಿಸಿದೆ. ತೊಳೆಯಬೇಡಿ, ಉಜ್ಜಬೇಡಿ, ಬೆರಳು ತಾಗಿಸಬೇಡಿ, ಯಾರಾದರೂ ಕೇಳಿದರೆ ಅವಸರದಲ್ಲಿ ಕೊಟ್ಟುಬಿಡಬೇಡಿ ಅಂತೆಲ್ಲ ಹೇಳಿದೆ. ಸಾಕಮ್ಮ ಒಂದು ಕಣ್ಣು ಮುಚ್ಚಿ, ಇನ್ನೊಂದನ್ನು ಗಾಜಿಗಿಟ್ಟು, ತನ್ನಜ್ಜಿಯ ರೂಪಾಯಿಯನ್ನು ಬಹಳ ಹೊತ್ತು ನೋಡಿದಳು. ಆಮೇಲೆ ಅದನ್ನು ಹತ್ತಿಯಲ್ಲಿಟ್ಟು, ಬಟ್ಟೆಯಲ್ಲಿ ಸುತ್ತಿ, ಮತ್ತೊಂದು ಬಟ್ಟೆಯಲ್ಲಿ ಕಟ್ಟಿ, ಮಡಿಲಿಗೆ ಹಾಕಿಕೊಂಡಳು.

"ಇಷ್ಟೊಂದ್ ಚೆಂದಾಗೈತೆ ಅಂದ್ಮೇಲೆ ನಿಂಗ್ಯಾಕ್ ಕೊಡ್ಲಿ ಕಣ್ಲಾ?" ಅಂತ ಮುನಿರಾಜುವನ್ನು ಕೇಳಿದಳು.

ಮುನಿರಾಜು ಕಾಲುಂಗುರ ತೆಗೆದು ತೋರಿಸಿದ. ಅವಳು ಅವುಗಳನ್ನು ನೋಡಿ ಚೆನ್ನಾಗಿವೆ, ನಿನ್ನ ಹೆಂಡತಿಗೆ ಹಾಕು ಅಂದಳು. ಆಮೇಲೆ ನಮ್ಮನ್ನು ಊಟಕ್ಕೆ ಎಬ್ಬಿಸಿದಳು. ನನ್ನ ಮುದ್ದೆಯ ಮೇಲೆ ಬೆಣ್ಣೆಯ ಉಂಡೆಯಿತ್ತು, ಮುನಿರಾಜುವಿನ ಮುದ್ದೆಯ ಮೇಲೆ ಇರಲಿಲ್ಲ. ಹೊರಡುವಾಗ ನನ್ನ ತಲೆ ಸವರಿ, "ನಿನ್ನಂತಾ ಒಳ್ಳೇ ಮನ್ಸ ಇವ್ನ ಜೊತ್ಗ್ಯಾಕ್ ತಿರುಗ್ತೀಯಪ್ಪಾ" ಅಂದಳು.

ಅಂಚೆಟ್ಟಿಯವರೆಗೆ ಮುನಿರಾಜು ಬೈಕು ಜೋರಾಗಿ ಓಡಿಸಿದ. ಅಲ್ಲಿ ಒಂದು ಟೀ ಅಂಗಡಿ ಮುಂದೆ ಬೈಕು ನಿಲ್ಲಿಸಿ ಎರಡು ಟೀ ಹೇಳಿದ. ಅರ್ಧ ಕುಡಿದ ಮೇಲೆ, "ಸಾ, ಬರೋ ಭಾನ್ವಾರ ನನ್ ತಮ್ಮನ್ ನೋಡಕ್ಕೆ ಹೆಣ್ಣಿನ ಕಡೆಯೋರು ಬತ್ತಾವ್ರೆ" ಅಂದ.

"ಒಳ್ಳೇದಾಯ್ತು. ಎಷ್ಟು ಹೊತ್ತಿಗೆ ಬರಲಿ?" ಅಂದೆ.

"ಅದ್ನೇ ಹೇಳಾಣ ಅಂತ. ನೀವು ಬರ್ಬೇಡಿ."

ನನಗೆ ಬೇಸರವಾಯಿತು. ಅವನ ತಮ್ಮ ನನಗೆ ಚೆನ್ನಾಗಿ ಗೊತ್ತಿದ್ದವನು. ಕೆಲಸದವನು, ದುಶ್ಚಟ ಇಲ್ಲ, ಕಂಡರೆ ಎದ್ದು ನಿಲ್ಲುತ್ತಾನೆ. "ಯಾಕಯ್ಯ, ಅವನ ಬಗ್ಗೆ ನಾನು ಕೆಟ್ಟದ್ದು ಹೇಳ್ತೀನಾ?" ಅಂದೆ.

"ಅವ್ರು ಕೇಳಿದ್ರೆ ಏನಂತ ಹೇಳ್ತೀರಿ? ಈಗ್ಲೇ ಒಂದ್ಸಲ ಹೇಳಿ ನೋಡಾಣ" ಅಂತ ಮುನಿರಾಜು ನನ್ನ ಕಡೆ ತಿರುಗಿ ಕೂತ.

"ಬಂಗಾರದಂಥ ಹುಡುಗ, ಕಣ್ಮುಚ್ಚಿ ಹೆಣ್ಣು ಕೊಡಬಹುದು ಅಂತೀನಿ" ಅಂದೆ. ಅವನ ಮುಖ ಸ್ವಲ್ಪ ಸಡಿಲವಾಯಿತು. ಅಷ್ಟಕ್ಕೇ ನಿಲ್ಲಿಸಬೇಕಿತ್ತು. "ಮುಂದಲೆ ಕೂದಲು ಒಂಚೂರು ಸವೆದಿದೆ, ಅಷ್ಟೇ" ಅಂದೆ.

ಮುನಿರಾಜು ಲೋಟ ಕೆಳಗಿಟ್ಟು ಬೈಕಿನ ಕಡೆ ನಡೆದ.